ಆನೆಯ ವೇಳಾಪಟ್ಟಿಗೆ ಸೈಕಲ್: ಕಲ್ಲೂರು, ಬತ್ತೇರಿ ಸುತ್ತಮುತ್ತ

ರೋಡ್ ಸೈಕಲ್ ತುಳಿಯುವವರೆಲ್ಲ ಒಂದು ವ್ರತ ಹಿಡಿದಿರುತ್ತಾರೆ: ಬೆಳಗಿನ ಜಾವ ಐದಕ್ಕೆ ಹೊರಡಬೇಕು, ಬಿಸಿಲೇರುವ ಮೊದಲು ಮನೆ ಸೇರಬೇಕು. ನಂದಿ ಬೆಟ್ಟ ಹತ್ತುವ ಬೆಂಗಳೂರಿನವರೂ ಚಾಮುಂಡಿ ಬೆಟ್ಟ ಹತ್ತುವ ಮೈಸೂರಿನವರೂ ಇದನ್ನು ತಪ್ಪದೆ ಪಾಲಿಸುತ್ತಾರೆ. ವಯನಾಡಿನ ಕಲ್ಲೂರಿಗೆ ಸೈಕಲ್ ಒಯ್ಯುವವರು ಮೊದಲು ಬಿಡಬೇಕಾದದ್ದು ಈ ವ್ರತವನ್ನೇ. ಇಲ್ಲಿ ಬೆಳಗ್ಗೆ ಏಳೂವರೆಗೆ ಮುಂಚೆ ಸೈಕಲ್ ಹೊರಗೆ ತೆಗೆಯಬೇಡಿ. ಸಂಜೆ ಐದರ ಮೇಲೆ ರಸ್ತೆಯಲ್ಲಿ ಇರಬೇಡಿ. ರಾತ್ರಿ ಗದ್ದೆಗೂ ತೋಟಕ್ಕೂ ಇಳಿದ ಆನೆ ಕಾಡಿಗೆ ಮರಳುವುದು ನಸುಕಿನಲ್ಲಿ. ಸಂಜೆಯಾಗುತ್ತಲೇ ಮತ್ತೆ ಹೊರಡುತ್ತದೆ. ಸದ್ದಿಲ್ಲದೆ ಬರುವ ಸೈಕಲ್ಲು ತಿರುವಿನಲ್ಲಿ ಅದರ ಎದುರಿಗೇ ಹೋಗಿ ನಿಂತರೆ ಬೆಚ್ಚುವುದು ಇಬ್ಬರೂ. ಆಮೇಲೆ ಓಡಬೇಕಾದವರು ಒಬ್ಬರೇ.

ಇದೊಂದನ್ನು ಒಪ್ಪಿಕೊಂಡರೆ ಉಳಿದದ್ದೆಲ್ಲ ಸಲೀಸು. ಬಿಸಿಲಿಗೆ ಹೆದರಬೇಕಾಗಿಲ್ಲ. ಹತ್ತಿರದ ಪೇಟೆಯಾದ ಸುಲ್ತಾನ್ ಬತ್ತೇರಿ ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಆಸುಪಾಸಿನಲ್ಲಿದೆ, ರಸ್ತೆಯ ಎರಡೂ ಬದಿಗೆ ತೋಟದ ನೆರಳಿದೆ. ಡಿಸೆಂಬರಿನಲ್ಲಿ ಹನ್ನೊಂದು ಗಂಟೆಗೂ ಹಾಯಾಗಿ ತುಳಿಯಬಹುದು.

ಕಲ್ಲೂರು ಇರುವುದು ಬತ್ತೇರಿ ತಾಲ್ಲೂಕಿನ ನೂಲ್ಪುಳ ಪಂಚಾಯಿತಿಯಲ್ಲಿ, ಕೊಳ್ಳೇಗಾಲದಿಂದ ಮೈಸೂರು, ಗುಂಡ್ಲುಪೇಟೆ ಹಾದು ಕೋಯಿಕ್ಕೋಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರ ಮೇಲೆ. ಹಳಬರು ಇದನ್ನು ಇನ್ನೂ 212 ಎಂದೇ ಕರೆಯುತ್ತಾರೆ. ಗುಂಡ್ಲುಪೇಟೆಯಿಂದ ಹೋದರೆ ಮದ್ದೂರು ಚೆಕ್‌ಪೋಸ್ಟ್, ಬಂಡೀಪುರದ ಕಾಡು, ಮೂಲೆಹೊಳೆಯಲ್ಲಿ ರಾಜ್ಯದ ಗಡಿ, ಮುತ್ತಂಗ. ಆ ಕಾಡು ಮುಗಿದು ಮನೆ, ಅಂಗಡಿ, ಗದ್ದೆ ಕಾಣಿಸಿಕೊಳ್ಳುವ ಜಾಗವೇ ಕಲ್ಲೂರು. ಮುಂದೆ ನಾಯ್ಕಟ್ಟಿ, ಮೂಲಂಕಾವು, ಆಮೇಲೆ ಬತ್ತೇರಿ. ಶಬರಿಮಲೆಗೆ ಹೋಗುವ ನಮ್ಮವರು ಸಾವಿರ ಸಲ ಕಿಟಕಿಯಿಂದ ನೋಡಿರುವ, ಯಾರೂ ಇಳಿಯದ ಊರು. ಸೈಕಲ್ಲಿಗೆ ಇಂಥ ಊರೇ ಒಳ್ಳೆಯದು.

ದ್ರಾಕ್ಷಿ ತೋಟಗಳ ನಡುವೆ, ಹಳೆಯ ಕಲ್ಲುಮನೆಗಳ ಹಳ್ಳಿಗಳನ್ನು ಹಾದು ಸೈಕಲ್ ತುಳಿಯುವುದು ಯುರೋಪಿನಲ್ಲಿ ದೊಡ್ಡ ಉದ್ಯಮವೇ ಆಗಿದೆ. ಇಟಲಿಯ ಕಿಯಾಂಟಿ ಸೀಮೆಯ ಗಾಯೋಲೆ ಎಂಬ ಸಣ್ಣ ಊರಲ್ಲಿ 1997ರಲ್ಲಿ ಶುರುವಾದ ಲೆರೋಯಿಕಾ ಎಂಬ ಸವಾರಿಗೆ ಜನ ಹಳೇ ಕಾಲದ ಉಕ್ಕಿನ ಸೈಕಲ್ ಹೊತ್ತು ಬೇರೆ ದೇಶಗಳಿಂದ ಬರುತ್ತಾರೆ. ನಮ್ಮಲ್ಲಿ ದ್ರಾಕ್ಷಿ ನೋಡುತ್ತಾ ತುಳಿಯಬೇಕೆಂದರೆ ದೊಡ್ಡಬಳ್ಳಾಪುರ, ನಂದಿಯ ಕಡೆ ಹೋಗಬೇಕು, ಇಲ್ಲವೇ ವಿಜಯಪುರಕ್ಕೆ. ವಯನಾಡಿನ ಬಳ್ಳಿ ಬೇರೆ: ಹಾಲುವಾಣ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸು, ಅದರ ಕೆಳಗೆ ರೊಬಸ್ಟಾ ಕಾಫಿ. ಹಳ್ಳಿಗಳ ಚರಿತ್ರೆಯ ವಿಷಯಕ್ಕೆ ಬಂದರೆ ಕಿಯಾಂಟಿಗೆ ಈ ಸೀಮೆ ಏನೂ ಕಡಿಮೆ ಇಲ್ಲ. ಅದರ ಒಂದು ಎಳೆ ನೇರ ಕನ್ನಡನಾಡಿನಿಂದಲೇ ಬಂದದ್ದು. ಮೈಸೂರು ಸೀಮೆಯಿಂದ ಮಲಬಾರಿನ ಕರಾವಳಿಗೆ ಇಳಿಯುವ ಹಳೆಯ ವ್ಯಾಪಾರದ ಹಾದಿ ಇಲ್ಲೇ ಹಾಯುತ್ತಿತ್ತು. ಆ ಹಾದಿಯಲ್ಲಿ ಬಂದ ಜೈನರು ಅಲ್ಲಲ್ಲಿ ನಿಂತು ಬಸದಿ ಕಟ್ಟಿದರು. ಅವರ ಸಂತತಿಯ ಜೈನ ಗೌಡರು ಈಗಲೂ ವಯನಾಡಿನಲ್ಲಿದ್ದಾರೆ. ಮಾತೃಭೂಮಿ ಪತ್ರಿಕೆಯನ್ನು ನಡೆಸಿದ, ಕೇಂದ್ರ ಸಚಿವರೂ ಆಗಿದ್ದ ಲೇಖಕ ಎಂ.ಪಿ. ವೀರೇಂದ್ರಕುಮಾರ್ (1936–2020) ಕಲ್ಪೆಟ್ಟದ ಇದೇ ಸಮುದಾಯದವರು. ಬಸದಿಯಿಂದ ಬಸದಿಗೆ ಸೈಕಲ್ ತುಳಿದರೆ ಆ ಹಳೇ ಹಾದಿ ತಾನಾಗಿ ಕೈಗೆ ಸಿಗುತ್ತದೆ. ಕೆಳಗೆ ಹೇಳಿರುವ ದಾರಿಗಳನ್ನು ಆ ಲೆಕ್ಕದಲ್ಲೇ ಆರಿಸಿದ್ದೇನೆ.

ಕಾಡು ದಾಟುವುದು

ಗುಂಡ್ಲುಪೇಟೆಯಿಂದ ಕಲ್ಲೂರಿಗೆ ಸೈಕಲ್ಲಿನಲ್ಲೇ ಹೋಗೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ನಕ್ಷೆಯಲ್ಲಿ ನೋಡಿದರೆ ಸಪಾಟು ರಸ್ತೆ, ಎರಡೂ ಕಡೆ ಹಸಿರು. ಆ ಆಸೆ ಬೇಡ. ಅದು ಹುಲಿ ಸಂರಕ್ಷಿತ ಪ್ರದೇಶದ ನಡುಭಾಗ. ಬಂಡೀಪುರದೊಳಗೇ ಇಪ್ಪತ್ತು ಕಿಲೋಮೀಟರ್ ಹತ್ತಿರ, ಗಡಿ ದಾಟಿದ ಮೇಲೆ ವಯನಾಡ್ ವನ್ಯಜೀವಿ ಧಾಮದ ಕಾಡು ಬೇರೆ. ನಡುವೆ ಇಳಿಯುವಂತಿಲ್ಲ, ನಿಲ್ಲುವಂತಿಲ್ಲ. ಮದ್ದೂರು ಗೇಟಿಗೆ ಮುಂಚೆಯೇ ಸೈಕಲ್ಲನ್ನು ಗಾಡಿಗೆ ಏರಿಸಿ, ಕಲ್ಲೂರಿನಲ್ಲೋ ಬತ್ತೇರಿಯಲ್ಲೋ ಇಳಿಸಿ. ಕಾರಿಲ್ಲದವರು ಮೈಸೂರಿನಿಂದ ಬತ್ತೇರಿಗೆ ಹೋಗುವ ಬಸ್ಸು ಹಿಡಿಯಬಹುದು. ಎರಡೂ ರಾಜ್ಯಗಳ ಸರ್ಕಾರಿ ಬಸ್ಸುಗಳು ಓಡುತ್ತವೆ. ಮುಂದಿನ ಚಕ್ರ ಬಿಚ್ಚಿ, ಚೈನಿಗೆ ಹಳೇ ಬಟ್ಟೆ ಸುತ್ತಿ, ಬಸ್ಸು ಹೊರಡುವ ಅರ್ಧ ಗಂಟೆ ಮೊದಲೇ ಕಂಡಕ್ಟರನ್ನು ಮಾತಾಡಿಸಿದರೆ ಲಗೇಜು ಟಿಕೆಟ್ಟಿನಲ್ಲಿ ಕೆಲಸ ಆಗುತ್ತದೆ. ವಾರದ ನಡುವೆ ಹೋಗಿ; ಶುಕ್ರವಾರ ಸಂಜೆಯ ಬಸ್ಸಿನಲ್ಲಿ ಮನುಷ್ಯರಿಗೇ ಜಾಗ ಇರುವುದಿಲ್ಲ.

2009ರಿಂದ ಈ ಹೆದ್ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಸಂಚಾರ ನಿಷೇಧ. ಬೆರಳೆಣಿಕೆಯ ಬಸ್ಸು, ತುರ್ತು ವಾಹನಗಳಿಗೆ ಮಾತ್ರ ಬಿಡುಗಡೆ. ವಯನಾಡಿನವರು ಇದರ ವಿರುದ್ಧ ಹೋರಾಡುತ್ತಲೇ ಇದ್ದಾರೆ, ನಮ್ಮ ಕಡೆಯವರು ಬಿಟ್ಟುಕೊಟ್ಟಿಲ್ಲ. ಆ ರಾಜಕೀಯ ಏನೇ ಇರಲಿ, ಒಂಬತ್ತಕ್ಕೆ ಗೇಟು ಬೀಳುತ್ತದೆ ಎಂಬುದು ಪ್ರವಾಸದ ಮೊದಲ ಸಾಲಿನಲ್ಲಿ ಬರೆದುಕೊಳ್ಳಬೇಕಾದ ಮಾತು. ಎಚ್.ಡಿ. ಕೋಟೆಯಿಂದ ಬಾವಲಿ ಮೇಲೆ ಮಾನಂದವಾಡಿಗೆ ಹೋಗುವ ದಾರಿಯಲ್ಲಿ ಗೇಟು ಸಂಜೆ ಆರಕ್ಕೇ ಬೀಳುತ್ತದೆ.

ಯಾವಾಗ, ಯಾವ ಸೈಕಲ್

ನವೆಂಬರ್ ಕೊನೆಯಿಂದ ಫೆಬ್ರುವರಿ ತನಕ ಒಳ್ಳೆಯ ಕಾಲ. ಡಿಸೆಂಬರಿನಿಂದ ಕಾಫಿ ಕೊಯ್ಲು. ಆಗ ರಸ್ತೆ ಬದಿಯ ಮನೆಗಳ ಅಂಗಳದಲ್ಲೆಲ್ಲ ಹಣ್ಣು ಹರವಿರುತ್ತಾರೆ. ಮೊದಲ ದಿನ ಕೆಂಪು, ನಾಲ್ಕನೇ ದಿನಕ್ಕೆ ಕಂದು, ಒಣಗುತ್ತಾ ಬಂದಂತೆ ಕಪ್ಪು. ಮರದ ಹಲಿಗೆಗೆ ಕೋಲು ಹೊಡೆದ ಗೋರುಮಣೆಯಿಂದ ಅಜ್ಜಿಯೊಬ್ಬರು ಸಾಲು ಸಾಲಾಗಿ ಎಳೆಯುತ್ತಿರುತ್ತಾರೆ, ಹುಳಿಬಂದ ಸಿಪ್ಪೆಯ ವಾಸನೆ ಹತ್ತು ಮಾರು ದೂರಕ್ಕೇ ಹೊಡೆಯುತ್ತದೆ. ಅಂಗಳ ಸಾಲದವರು ಟಾರು ರಸ್ತೆಯ ಅಂಚಿನಲ್ಲೇ ಹರವುವುದೂ ಉಂಟು. ಅದರ ಮೇಲೆ ಟಯರು ಹಾಯಿಸಬೇಡಿ. ಒಂದು, ಅದು ಇನ್ನೊಬ್ಬರ ವರ್ಷದ ಸಂಪಾದನೆ. ಎರಡು, ಹಣ್ಣುಕಾಫಿಯ ಮೇಲೆ ತೆಳು ಟಯರು ಜಾರುವಷ್ಟು ಮಂಜಿನ ಮೇಲೂ ಜಾರಲಿಕ್ಕಿಲ್ಲ. ಫೆಬ್ರುವರಿ, ಮಾರ್ಚಿನಲ್ಲಿ ಒಂದು ಹದ ಮಳೆ ಬಿದ್ದು ಎಂಟು, ಹತ್ತು ದಿನಕ್ಕೆ ಹೂ ಬಿಡುತ್ತದೆ. ತಾರೀಖು ಯಾರೂ ಹೇಳಲಾರರು, ಮಳೆ ಬಿದ್ದ ಸುದ್ದಿ ಕೇಳಿ ಹೊರಟರೆ ಸಿಕ್ಕೀತು.

ಮಳೆಗಾಲದ ಬಗ್ಗೆ ಒಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. ವಯನಾಡೆಂದರೆ ಎಲ್ಲ ಕಡೆ ಒಂದೇ ಮಳೆಯಲ್ಲ. ಘಟ್ಟದ ತುದಿಯ ಲಕ್ಕಿಡಿಯಲ್ಲಿ ಆಕಾಶವೇ ಹರಿದಂತೆ ಸುರಿದರೆ, ಪೂರ್ವಕ್ಕೆ ಬತ್ತೇರಿ, ಪುಲ್ಪಳ್ಳಿಗೆ ಬರುವಷ್ಟರಲ್ಲಿ ಮೋಡದ ಕಸುವು ಇಳಿದಿರುತ್ತದೆ. ನಾಡು ಇಳಿಜಾರಾಗಿರುವುದೂ ಪೂರ್ವಕ್ಕೇ. ಇಲ್ಲಿನ ನೀರು ಕಬಿನಿಗೆ ಸೇರಿ ನಮ್ಮ ಕಾವೇರಿಗೆ ಬರುತ್ತದೆ. ಹಾಗಾಗಿ ಸೆಪ್ಟೆಂಬರಿನಲ್ಲಿ ಕಲ್ಲೂರಿನ ಕಡೆ ತುಳಿಯಬಹುದಾದ ದಿನವೂ ಮೇಪ್ಪಾಡಿ, ವೈತಿರಿಯಲ್ಲಿ ರಸ್ತೆಗೆ ಇಳಿಯುವಂತಿರುವುದಿಲ್ಲ. ಜೂನ್‌ನಿಂದ ಆಗಸ್ಟ್ ಪೂರ್ತಿ ಬಿಟ್ಟುಬಿಡಿ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಭೂಕುಸಿತಕ್ಕೆ ಕೊಚ್ಚಿಹೋದದ್ದು ಮೇಪ್ಪಾಡಿ ಪಂಚಾಯಿತಿಯಲ್ಲಿ. ಅಲ್ಲಿಗೆ 'ನೋಡಿಕೊಂಡು ಬರಲು' ಹೋಗುವ ಪ್ರವಾಸಿಗರ ಸಾಲಿಗೆ ಸೈಕಲ್ ಸವಾರರು ಸೇರಬಾರದು.

ಗಿಯರಿನ ವಿಷಯದಲ್ಲಿ ಪೌರುಷ ಬೇಡ. ವಯನಾಡಿನಲ್ಲಿ ಉದ್ದನೆಯ ಏರು ಕಮ್ಮಿ, ಗಿಡ್ಡನೆಯ ಕಡಿದಾದ ಏರು ಹೆಜ್ಜೆಗೊಂದು. ಕಾರಣ ನೆಲದ ರಚನೆಯಲ್ಲಿದೆ: ಎರಡು ಗುಡ್ಡದ ನಡುವಿನ ಜೌಗು ತಗ್ಗಿನಲ್ಲಿ ವಯಲ್, ಅಂದರೆ ಭತ್ತದ ಗದ್ದೆ, ಗುಡ್ಡದ ಮೇಲೆ ಕಾಫಿ, ಮನೆ, ಅಂಗಡಿ, ಚರ್ಚು. ರಸ್ತೆ ಗುಡ್ಡದಿಂದ ವಯಲಿಗೆ ಇಳಿದು, ಒಂದು ಮೋರಿ ದಾಟಿ, ಮತ್ತೆ ಗುಡ್ಡ ಹತ್ತುತ್ತದೆ. ಇಡೀ ದಿನ ಇದೇ ಆಟ. ಎಪ್ಪತ್ತು ಕಿಲೋಮೀಟರಿನ ಕೊನೆಗೆ ಲೆಕ್ಕ ಹಾಕಿದರೆ ಚಾಮುಂಡಿ ಬೆಟ್ಟವನ್ನು ಹಲವು ಸಲ ಹತ್ತಿದಷ್ಟು ಏರಾಗಿರುತ್ತದೆ, ಒಂದು ಶಿಖರವನ್ನೂ ಏರಿರುವುದಿಲ್ಲ. ಮುಂದೆ 34 ಹಲ್ಲು, ಹಿಂದೆ 32 ಅಥವಾ 34 ಇರಲಿ. ಟಯರು 28 ಮಿ.ಮೀ.ಗಿಂತ ತೆಳುವಾಗಿರುವುದು ಬೇಡ. ತೋಟದೊಳಗಿನ ಕಾಂಕ್ರೀಟ್ ರಸ್ತೆಗಳನ್ನು ಜೀಪಿನ ಲೆಕ್ಕದಲ್ಲಿ ಹಾಕಿರುತ್ತಾರೆ, ನೆರಳಿನಲ್ಲಿ ಪಾಚಿ ಕಟ್ಟಿರುತ್ತದೆ. ಅಂಥ ಕಡೆ ಇಳಿದು ತಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಬತ್ತೇರಿಯಲ್ಲಿ, ಕಲ್ಪೆಟ್ಟದಲ್ಲಿ ಮಾಮೂಲಿ ಸೈಕಲ್ ಅಂಗಡಿ ಸಿಗುತ್ತದೆ. ಆದರೆ ಪ್ರೆಸ್ಟಾ ವಾಲ್ವಿನ ಟ್ಯೂಬು, ನಿಮ್ಮ ಫ್ರೇಮಿಗೇ ಹೊಂದುವ ಡಿರೇಲರ್ ಹ್ಯಾಂಗರು, ಬ್ರೇಕ್ ಪ್ಯಾಡು, ಚೈನ್ ಲಿಂಕು ಇವನ್ನು ಮನೆಯಿಂದಲೇ ಒಯ್ಯಿರಿ.

ಉಳಿಯುವುದಕ್ಕೆ ಬತ್ತೇರಿ ಅನುಕೂಲ. ಲಾಡ್ಜು, ಹೋಟೆಲು, ಆಸ್ಪತ್ರೆ, ಎಲ್ಲ ಕಡೆಗೂ ರಸ್ತೆ. ಬೆಂಗಳೂರಿನ ಸೈಕಲ್ ಪ್ರಿಯರು 2008ರಲ್ಲಿ ಶುರು ಮಾಡಿದ ಟೂರ್ ಆಫ್ ನೀಲಗಿರೀಸ್ ಸವಾರಿಯೂ ಕೆಲವು ವರ್ಷ ಊಟಿಗೆ ಹತ್ತುವ ಮುಂಚೆ ಬತ್ತೇರಿಯಲ್ಲೇ ತಂಗಿದೆ. ಹಳ್ಳಿಯ ನಡುವೆ ಇರಬೇಕೆನ್ನುವವರು ಕಲ್ಲೂರು, ನಾಯ್ಕಟ್ಟಿಯ ಕಡೆ ಹೋಮ್‌ಸ್ಟೇ ಹುಡುಕಬಹುದು. ಗದ್ದೆಗೆ ಮುಖ ಮಾಡಿದ ಕೋಣೆ ಸಿಕ್ಕರೆ ಸಂಜೆ ಐದರಿಂದ ಬೆಳಗ್ಗೆ ಏಳೂವರೆಯವರೆಗೆ ಹೊರಗೆ ಹೋಗಲಾಗದ್ದಕ್ಕೆ ಬೇಸರ ಆಗುವುದಿಲ್ಲ.

ಮೊದಲ ದಿನ: ಕಲ್ಲೂರಿನಿಂದ ಬತ್ತೇರಿ ಬಸದಿಗೆ

ಕಾಲು ಹದ ಮಾಡಿಕೊಳ್ಳಲು ಇದೊಂದು ಸಣ್ಣ ಓಟ. ಬತ್ತೇರಿಯಿಂದ ಮೂಲಂಕಾವು, ನಾಯ್ಕಟ್ಟಿ ಹಾದು ಕಲ್ಲೂರಿಗೆ ಸುಮಾರು ಹನ್ನೆರಡು ಕಿಲೋಮೀಟರ್, ಹೋಗಿಬಂದರೆ ಇಪ್ಪತ್ತೈದು. ಹೆದ್ದಾರಿಯಾದ್ದರಿಂದ ರಸ್ತೆ ನುಣುಪು, ಆದರೆ ಅಂಚು ಕಿರಿದು, ಮರಳು ಹೊತ್ತ ಟಿಪ್ಪರುಗಳೂ ತರಕಾರಿ ಲಾರಿಗಳೂ ಅವಸರದಲ್ಲಿರುತ್ತವೆ. ಶಬರಿಮಲೆ ಸೀಸನ್ನಿನಲ್ಲಿ ರಾತ್ರಿಯೆಲ್ಲ ಗಾಡಿ ಓಡಿಸಿ, ಗೇಟು ತೆಗೆಯುವುದನ್ನೇ ಕಾದಿದ್ದ ಡ್ರೈವರುಗಳು ಏಳು ಗಂಟೆಯಿಂದ ಕಲ್ಲೂರು ದಾಟುತ್ತಿರುತ್ತಾರೆ. ಅವರ ನಿದ್ದೆಗಣ್ಣಿಗೆ ಕಾಣುವಂಥ ಬಣ್ಣದ ಅಂಗಿ ಹಾಕಿ, ಹಗಲಲ್ಲೂ ಹಿಂದಿನ ಕೆಂಪು ದೀಪ ಉರಿಸಿ. ಕಲ್ಲೂರಿನಾಚೆ ಮುತ್ತಂಗದ ಕಡೆಗೆ ಮರಗಳು ಒತ್ತಿಕೊಳ್ಳುವಲ್ಲೇ ಸೈಕಲ್ ತಿರುಗಿಸಿ. ಕಾಡು ನೋಡಬೇಕೆನ್ನುವವರಿಗೆ ಮುತ್ತಂಗದಲ್ಲಿ ಅರಣ್ಯ ಇಲಾಖೆಯ ಜೀಪು ಸವಾರಿ ಇದೆ.

ನೂಲ್ಪುಳ ಪಂಚಾಯಿತಿಯಲ್ಲಿ ಪಣಿಯರು, ಮುಳ್ಳುಕುರುಮರು, ಊರಾಳಿಗಳು, ಕಾಟ್ಟುನಾಯ್ಕರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕಾಟ್ಟುನಾಯ್ಕರ ಮಾತು ಕಿವಿಗೆ ಬಿದ್ದರೆ ಎಚ್.ಡಿ. ಕೋಟೆಯ ಜೇನುಕುರುಬರ ಹಾಡಿ ನೆನಪಾಗುತ್ತದೆ. ಗಡಿ ಬಂದದ್ದು ಆಮೇಲೆ. ಭೂಮಿ ಕೇಳಿ ಮುತ್ತಂಗದ ಕಾಡಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಆದಿವಾಸಿಗಳ ಮೇಲೆ 2003ರ ಫೆಬ್ರುವರಿ 19ರಂದು ಪೊಲೀಸರು ಗುಂಡು ಹಾರಿಸಿದರು, ಆದಿವಾಸಿ ನಾಯಕಿ ಸಿ.ಕೆ. ಜಾನು ಅವರ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಆ ಹೋರಾಟದಿಂದ. ಹಾಡಿಗಳೊಳಗೆ ಕ್ಯಾಮೆರಾ ಹಿಡಿದು ಸೈಕಲ್ ನುಗ್ಗಿಸಬೇಡಿ.

ವಾಪಸು ಬತ್ತೇರಿಗೆ ಬಂದರೆ ಊರ ನಡುವೆ, ಹೆದ್ದಾರಿಗೆ ಹತ್ತಿರದಲ್ಲೇ, ಪುರಾತತ್ವ ಇಲಾಖೆ ಕಾಯುತ್ತಿರುವ ಕಲ್ಲಿನ ಜೈನ ಬಸದಿ. ಹದಿಮೂರು, ಹದಿನಾಲ್ಕನೇ ಶತಮಾನದ ಕಟ್ಟಡ ಎನ್ನುತ್ತಾರೆ. ಆ ಕಾಲದಲ್ಲಿ ಊರಿಗೆ ಹನ್ನೆರಡು ಬೀದಿ ಎಂದೇ ಹೆಸರಿತ್ತು. ಆಮೇಲೆ ಗಣಪತಿವಟ್ಟಂ ಆಯಿತು. ಟಿಪ್ಪು ಇಲ್ಲಿ ಮದ್ದುಗುಂಡು ಇರಿಸಿದ ಮೇಲೆ ಬ್ರಿಟಿಷರು ಸುಲ್ತಾನನ ಬ್ಯಾಟರಿ ಎಂದು ಬರೆದುಕೊಂಡರು. ಮದ್ದಿನ ಉಗ್ರಾಣ ಆಗಿದ್ದದ್ದು ಈ ಬಸದಿಯೇ. ಒಳಗೆ ಈಗ ಪೂಜೆಯಿಲ್ಲ, ಮೂರ್ತಿಯಿಲ್ಲ. ಬಾಗಿಲವಾಡದ ಮೇಲೆ ಮಾತ್ರ ಕುಳಿತ ತೀರ್ಥಂಕರನೊಬ್ಬ ಉಳಿದಿದ್ದಾನೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ತನಕ ಅವನು ಕಾಣುವುದಿಲ್ಲ. ಮೂಡಬಿದಿರೆ, ಶ್ರವಣಬೆಳಗೊಳ ನೋಡಿದವರಿಗೆ ಇದರ ಗಾತ್ರ ಏನೂ ಅನ್ನಿಸದೆ ಇರಬಹುದು. ಮಾಡಿನ ಕಲ್ಲುಚಪ್ಪಡಿಗಳನ್ನು ಒಂದಕ್ಕೊಂದು ಜೋಡಿಸಿರುವ ರೀತಿ ನೋಡಿದರೆ ಮಳೆಯ ನಾಡಿಗೆ ಬಂದ ಬಯಲುಸೀಮೆಯ ಶಿಲ್ಪಿ ನೀರಿನ ಚಿಂತೆ ಮಾಡಿದ್ದು ಗೊತ್ತಾಗುತ್ತದೆ.

ಪನಮರಂ ಸುತ್ತು: ಒಂದೇ ದಿನ ಇದ್ದರೆ ಇದನ್ನೇ ಮಾಡಿ

ಎಪ್ಪತ್ತು ಕಿಲೋಮೀಟರ್ ಆಸುಪಾಸು. ಬತ್ತೇರಿಯಿಂದ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಬೀನಾಚಿ, ಅಲ್ಲಿ ಬಲಕ್ಕೆ ಹೊರಳಿ ಕೇಣಿಚ್ಚಿರ, ನಡವಯಲ್ ಮೇಲೆ ಪನಮರಂ. ಹೆದ್ದಾರಿಯ ಗಲಾಟೆ ಬಿಟ್ಟ ಕೂಡಲೇ ನಾಡಿನ ಚಹರೆ ಬದಲಾಗುತ್ತದೆ: ಕಾಫಿ, ಅಡಿಕೆ, ಬಾಳೆ, ಮೆಣಸು, ಪ್ರತಿ ಗುಡ್ಡದ ಮೇಲೊಂದು ಚರ್ಚು. ತಿರುವಾಂಕೂರಿನಿಂದ ವಲಸೆ ಬಂದ ಸಿರಿಯನ್ ಕ್ರೈಸ್ತ ರೈತರು ಕಾಡು ಕಡಿದು ಕಟ್ಟಿದ ಊರುಗಳಿವು. ತಗ್ಗಿನಲ್ಲಿ ಗದ್ದೆ. ಅದೃಷ್ಟವಿದ್ದರೆ ಗಂಧಕಸಾಲ ಕಟಾವಿನ ಹೊತ್ತಿಗೆ ಹಾಯುತ್ತೀರಿ. ಭೌಗೋಳಿಕ ಗುರುತು ಪಡೆದ ಈ ಪರಿಮಳದ ಅಕ್ಕಿಯನ್ನು ಬೆಳೆಯುವವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಗದ್ದೆ ಎಷ್ಟೋ ಕಡೆ ಬಾಳೆಗೆ ತಿರುಗಿದೆ. ಶುಂಠಿ ಬೆಳೆಯುವವರು ಗಡಿ ದಾಟಿ ಗುಂಡ್ಲುಪೇಟೆ, ಎಚ್.ಡಿ. ಕೋಟೆ, ಕೊಡಗಿನಲ್ಲಿ ಜಮೀನು ಗುತ್ತಿಗೆ ಹಿಡಿದಿದ್ದಾರೆ. ಕೇಣಿಚ್ಚಿರದ ಚಹಾ ಅಂಗಡಿಯಲ್ಲಿ ನೀವು ಕನ್ನಡದಲ್ಲಿ ಮಾತಾಡುವುದು ಕೇಳಿ ಪಕ್ಕದ ಬೆಂಚಿನಿಂದ ಯಾರಾದರೂ "ಯಾವೂರು ಸಾರ್?" ಎಂದರೆ ಆಶ್ಚರ್ಯಪಡಬೇಡಿ, ಶುಂಠಿ ಹೊಲದಲ್ಲಿ ಕಲಿತ ಕನ್ನಡ ಅದು.

ನಡವಯಲ್ ದಾಟಿ ಪನಮರಂ ಕಡೆಗೆ ಹೋಗುವಾಗ ಪುತ್ತಂಗಡಿ. ವೇಗ ತಗ್ಗಿಸಿ, ಕೇಳಿಕೊಂಡು ಹೋಗಿ. ಇಲ್ಲಿ ಕಾಫಿ ತೋಟಗಳ ನಡುವೆ ಜನಾರ್ದನಗುಡಿ, ವಿಷ್ಣುಗುಡಿ ಎಂಬ ಎರಡು ಪಾಳುಗುಡಿಗಳಿವೆ. ಹೆಸರಲ್ಲಿ ವಿಷ್ಣು ಇದ್ದರೂ ಈ ಸೀಮೆಯ ಜೈನ ಚರಿತ್ರೆಯ ಜೊತೆಗೇ ಇವುಗಳ ಮಾತು ಬರುತ್ತದೆ. ಪುರಾತತ್ವ ಇಲಾಖೆ ರಕ್ಷಣೆಗೆ ತೆಗೆದುಕೊಂಡಿದೆ. ಕಂಬಗಳ ಮುಖಮುಖಕ್ಕೂ ಸಣ್ಣ ಸಣ್ಣ ಉಬ್ಬುಚಿತ್ರಗಳು. ನನ್ನ ಕೇಳಿದರೆ ಇಡೀ ವಯನಾಡಿನಲ್ಲಿ ಸೈಕಲ್ಲಿನಿಂದ ಇಳಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ: ಪ್ರವಾಸಿ ಬಸ್ಸು ಬರುವುದಿಲ್ಲ, ಐಸ್‌ಕ್ರೀಮು ಅಂಗಡಿ ಇಲ್ಲ. ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗಿ. ಮಳೆಯ ಮರುವಾರ ಹೋದವರು ಕಾಲುಚೀಲ ಎಳೆದು ಮೇಲಕ್ಕೆ ಕಟ್ಟಿಕೊಳ್ಳಿ. ಇಂಬಳ ಮಲೆನಾಡಿನಷ್ಟೇ ನಿಷ್ಠೆಯಿಂದ ಹತ್ತುತ್ತದೆ.

ಪನಮರಂ ಸಣ್ಣ ಪೇಟೆ. 1802ರ ಅಕ್ಟೋಬರಿನಲ್ಲಿ ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ಪಳಶ್ಶಿ ರಾಜನ ಕಡೆಯ ಎಡಚ್ಚೇನ ಕುಂಕನ್ ಮತ್ತು ಕುರಿಚ್ಯ ಬುಡಕಟ್ಟಿನ ನಾಯಕ ತಲಕ್ಕಲ್ ಚಂದು ಬಿಲ್ಲುಬಾಣದವರನ್ನು ಕಟ್ಟಿಕೊಂಡು ಇಲ್ಲಿನ ಈಸ್ಟ್ ಇಂಡಿಯಾ ಕಂಪನಿಯ ಠಾಣ್ಯದ ಮೇಲೆ ಬಿದ್ದು, ಅದನ್ನು ನಿರ್ನಾಮ ಮಾಡಿದರು. ಚಂದುವಿನ ಸ್ಮಾರಕ ಊರಲ್ಲಿದೆ. ಊಟದ ಹೊತ್ತಾಗಿದ್ದರೆ ಇಲ್ಲೇ ಊಣು ಮುಗಿಸಿ. ಕುಚ್ಚಲಕ್ಕಿ ಅನ್ನ ಹೊಟ್ಟೆ ತುಂಬ ತಿಂದು ಏರು ತುಳಿಯುವುದು ಕಷ್ಟ, ಆದರೆ ಬೇರೆ ಉಪಾಯವೂ ಇಲ್ಲ. ಹಗುರವಾಗಿ ಬೇಕೆಂದರೆ ಪುಟ್ಟು, ಕಡಲೆ ಬೆಳಗ್ಗೆಯೇ ತಿಂದಿರಬೇಕು. ನಡುದಾರಿಯ ಶಕ್ತಿಗೆ ನೇಂದ್ರಬಾಳೆಯ ಪಳಂಪೊರಿ ಮತ್ತು ಚಹಾ. ದುಡ್ಡು ಕೊಟ್ಟು ತರುವ ಎನರ್ಜಿ ಜೆಲ್ಲುಗಳಿಗಿಂತ ವಾಸಿ.

ಪನಮರಂನಿಂದ ದಕ್ಷಿಣಕ್ಕೆ ಕಂಬಳಕ್ಕಾಡ್ ಮೇಲೆ ಕಲ್ಪೆಟ್ಟದ ದಾರಿ. ಊರು ಸೇರುವ ಮುನ್ನ ಪುಳಿಯಾರ್ಮಲ, ಅಲ್ಲಿ ಅನಂತನಾಥ ಸ್ವಾಮಿ ಬಸದಿ. ಬತ್ತೇರಿಯದು ಖಾಲಿ, ಪುತ್ತಂಗಡಿಯದು ಪಾಳು. ಇಲ್ಲಿ ಮಾತ್ರ ಇಂದಿಗೂ ದೀಪ, ಪೂಜೆ. ಬೆವರಿಗೆ ಅಂಟಿದ ಸೈಕ್ಲಿಂಗ್ ಚಡ್ಡಿಯಲ್ಲಿ ಒಳಗೆ ಹೋಗಬಾರದು; ಬ್ಯಾಗಿನಲ್ಲಿ ಒಂದು ಪಂಚೆ ಮಡಚಿಟ್ಟುಕೊಂಡರೆ ಸಾಕು. ಆಮೇಲೆ ಕೈನಾಟ್ಟಿ ಜಂಕ್ಷನ್ನಿನಲ್ಲಿ ಹೆದ್ದಾರಿ ಸಿಗುತ್ತದೆ. ಮುಟ್ಟಿಲ್, ಕಾಕ್ಕವಯಲ್, ಮೀನಂಗಾಡಿ ಹಾದು ಬತ್ತೇರಿಗೆ ಕೊನೆಯ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಹೆದ್ದಾರಿ ಸವಾರಿ, ಅದರಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ನಾಲ್ಕು ಗಂಟೆಗೆ ಕಲ್ಪೆಟ್ಟದಲ್ಲೇ ಇದ್ದರೆ ಸೈಕಲ್ಲನ್ನು ಯಾವುದಾದರೂ ಗೂಡ್ಸ್ ಆಟೋಗೆ ಏರಿಸಿಬಿಡಿ.

ಎಡಕ್ಕಲ್ ಸುತ್ತು

ಹೆದ್ದಾರಿಯ ಕೊಳಗಪ್ಪಾರದಲ್ಲಿ ಎಡಕ್ಕೆ ಹೊರಳಿದರೆ ಅಂಬಲವಯಲ್. ಅಲ್ಲಿಂದ ಅಂಬುಕುತ್ತಿ ಬೆಟ್ಟದ ಎಡಕ್ಕಲ್, ಆಮೇಲೆ ಕಾರಾಪುಳ ಅಣೆಕಟ್ಟು, ಕಾಕ್ಕವಯಲ್ ಮೂಲಕ ವಾಪಸು: ಐವತ್ತು, ಅರವತ್ತು ಕಿಲೋಮೀಟರ್. ಏರು ಇದರಲ್ಲಿ ಹೆಚ್ಚು, ಗದ್ದಲವೂ ಹೆಚ್ಚು. ಎಡಕ್ಕಲ್‌ನ ವಾಹನ ನಿಲ್ದಾಣದಿಂದ ಮೇಲಕ್ಕೆ ನಡೆದೇ ಹತ್ತಬೇಕು, ಕೊನೆಗೆ ಕಬ್ಬಿಣದ ಮೆಟ್ಟಿಲು. ತಳದಲ್ಲಿ ಕ್ಲೀಟ್ ಇರುವ ಸೈಕ್ಲಿಂಗ್ ಶೂ ಹಾಕಿ ಆ ಬಂಡೆ ಹತ್ತಲು ಹೋದವರು ಜಾರುವುದು ಖಂಡಿತ, ಚಪ್ಪಲಿ ಜೊತೆಗಿರಲಿ. ಸೋಮವಾರ ಬಾಗಿಲು ಮುಚ್ಚಿರುತ್ತದೆ, ಉಳಿದ ದಿನ ಮಧ್ಯಾಹ್ನದೊಳಗೆ ಹತ್ತಿಬಿಡಿ.

ಗುಹೆ ಎನ್ನುತ್ತಾರೆ, ನಿಜಕ್ಕೂ ಅದು ಬಂಡೆ ಸೀಳಿದ ಸಂದು. ಮೇಲಿನಿಂದ ಬಿದ್ದ ಇನ್ನೊಂದು ಬಂಡೆ ಮಾಡಿನಂತೆ ಸಿಕ್ಕಿಕೊಂಡಿದೆ. ಒಳಗೋಡೆಯ ತುಂಬ ನವಶಿಲಾಯುಗದಿಂದೀಚೆ ಜನ ಕೊರೆದ ಗೆರೆಗಳು: ಮನುಷ್ಯರು, ಪ್ರಾಣಿಗಳು, ತಲೆಯ ಮೇಲೆ ಏನನ್ನೋ ಧರಿಸಿದ ಆಕೃತಿಗಳು. ಮಲಬಾರಿನ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ 1890ರ ದಶಕದಲ್ಲಿ ಇದನ್ನು ಹೊರಜಗತ್ತಿಗೆ ತಿಳಿಸಿದ. ಬ್ರಾಹ್ಮಿ ಲಿಪಿಯ ಶಾಸನಗಳೂ ಇವೆ. ಅವುಗಳಲ್ಲೊಂದರಲ್ಲಿ ವಿಷ್ಣುವರ್ಮ ಎಂಬ ಹೆಸರಿದೆ. ಶನಿವಾರ, ಭಾನುವಾರ ಇಲ್ಲಿನ ನೂಕುನುಗ್ಗಲಿನಲ್ಲಿ ಗೋಡೆಯ ಒಂದು ಗೆರೆಯೂ ಕಣ್ಣಿಗೆ ನಿಲ್ಲುವುದಿಲ್ಲ. ಅಂಥ ದಿನ ಅಂಬಲವಯಲ್‌ನ ಹೆರಿಟೇಜ್ ಮ್ಯೂಸಿಯಮ್ಮಿಗೆ ಹೋಗುವುದು ಲೇಸು. ಸುತ್ತಲ ಊರುಗಳಿಂದ ತಂದಿಟ್ಟ ವೀರಗಲ್ಲುಗಳು ನಮ್ಮ ಹಳ್ಳಿ ಬಾಗಿಲಲ್ಲಿ ಕಾಣುವ ವೀರಗಲ್ಲುಗಳ ದಾಯಾದಿಗಳೇ. ಜನವರಿಯಲ್ಲಿ ಅಂಬಲವಯಲ್‌ನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಪೂಪ್ಪೊಲಿ ಎಂಬ ಹೂವಿನ ಮೇಳ ನಡೆಯುತ್ತದೆ. ಆ ದಿನಗಳಲ್ಲಿ ಈ ದಾರಿಯನ್ನೇ ಮರೆತುಬಿಡಿ.

ಪುಲ್ಪಳ್ಳಿಯನ್ನು ಕೇಳುವವರಿದ್ದಾರೆ. ಪಳಶ್ಶಿ ರಾಜ 1805ರ ನವೆಂಬರ್ 30ರಂದು ಸತ್ತ ಮಾವಿಲಾಂತೋಡು ಅಲ್ಲಿದೆ, ಸೀತಾದೇವಿ ಗುಡಿ ಇದೆ, ಒಂದು ಕಾಲಕ್ಕೆ ಮೆಣಸಿನಿಂದ ಚಿನ್ನ ಕಂಡು, ಸೊರಗು ರೋಗಕ್ಕೆ ಬಳ್ಳಿಗಳೆಲ್ಲ ಒಣಗಿ ಸಾಲದಲ್ಲಿ ಮುಳುಗಿದ ಊರುಗಳಿವೆ. ಪೆರಿಕ್ಕಲ್ಲೂರಿನ ಕಡವಿನಲ್ಲಿ ನಿಂತರೆ ಕಬಿನಿಯ ಆಚೆ ದಡದಲ್ಲಿ ನಮ್ಮ ಬೈರಕುಪ್ಪೆ. ದೋಣಿಯವರು ಕೂಗಳತೆಯಲ್ಲೇ ಇರುತ್ತಾರೆ. ನೋಡಲೇಬೇಕಾದ ಸೀಮೆ. ಆದರೆ ಬತ್ತೇರಿಯಿಂದ ಚೇದಲಯಂ ಮೇಲೆ ಹೋಗುವ ದಾರಿ ಕಾಡಿನ ನಡುವೆಯೇ ಹಾಯುತ್ತದೆ. ಸೈಕಲ್ಲನ್ನು ಪುಲ್ಪಳ್ಳಿಯ ತನಕ ಗಾಡಿಯಲ್ಲಿ ಒಯ್ದು, ಅಲ್ಲಿಂದ ಕಬಿನಿ ದಡದ ಊರುಗಳ ನಡುವೆ ಹಗಲಲ್ಲಿ ಸುತ್ತುವುದು ಸರಿಯಾದ ಕ್ರಮ.

ಆನೆ ಎದುರಾದರೆ

ಚಹಾ ಅಂಗಡಿಯಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದೇ: "ಚೇಟ್ಟಾ, ಆನ ಉಂಡೋ?" ನಿನ್ನೆ ರಾತ್ರಿ ಯಾವ ಗದ್ದೆಗೆ ಇಳಿದಿತ್ತು, ಯಾವ ತೋಟದಲ್ಲಿ ಉಳಿದಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಫೋನಿನ ನಕ್ಷೆಗೆ ಗೊತ್ತಿರುವುದಿಲ್ಲ. ಹಲಸಿನ ಹಣ್ಣಿನ ಕಾಲದಲ್ಲಿ ಆನೆ ಹಗಲೂ ತೋಟ ಬಿಡುವುದಿಲ್ಲ. ರಸ್ತೆಯಲ್ಲಿ ಹಸಿ ಲದ್ದಿ, ಆಗ ತಾನೇ ಮುರಿದ ಬಿದಿರು ಕಂಡರೆ ಹಿಂದಕ್ಕೆ ತಿರುಗಿ. ಆನೆಯೇ ಕಂಡರೆ ದೂರದಲ್ಲೇ ಇಳಿದು, ಬೆಲ್ಲು ಮಾಡದೆ, ಫೋಟೋ ತೆಗೆಯದೆ, ಸೈಕಲ್ ತಿರುಗಿಸಿ ಬಂದ ದಾರಿಗೇ ಹೊರಡಿ. ಬಸ್ಸೋ ಲಾರಿಯೋ ಬರುವ ತನಕ ಕಾದು ಅದರ ಹಿಂದೆ ದಾಟಬಹುದು. ಮರಿ ಇರುವ ಹಿಂಡು ರಸ್ತೆಯ ಎರಡೂ ಬದಿಗೆ ಹಂಚಿಕೊಂಡಿದ್ದರೆ ನಡುವೆ ನುಗ್ಗುವ ಯೋಚನೆಯೂ ಬೇಡ. ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಇಲ್ಲಿ ಸೈಕಲ್ ತುಳಿಯುವವರ ಧೈರ್ಯ ನನಗೆ ಅರ್ಥವಾಗುವುದಿಲ್ಲ.

ಇದನ್ನು ಹೆದರಿಸಲು ಹೇಳುತ್ತಿಲ್ಲ. ಹಾಸನದ ಬೇಲೂರಿನ ಕಡೆ ಹಿಡಿದು, ರೇಡಿಯೋ ಕಾಲರ್ ಹಾಕಿ ಬಂಡೀಪುರದಲ್ಲಿ ಬಿಟ್ಟಿದ್ದ ಮಖ್ನಾ (ದಂತವಿಲ್ಲದ ಗಂಡು) ಆನೆಯೊಂದು 2024ರ ಫೆಬ್ರುವರಿಯಲ್ಲಿ ಮಾನಂದವಾಡಿಗೆ ನುಗ್ಗಿ, ಮನೆಯಂಗಳದಲ್ಲೇ ಒಬ್ಬರನ್ನು ಕೊಂದಿತು. ಇಂಥ ಸಾವಿನ ಮರುದಿನ ವಯನಾಡಿನಲ್ಲಿ ಹರತಾಳ ನಡೆಯುತ್ತದೆ. ಅಂದು ಅಂಗಡಿ, ಹೋಟೆಲು, ಬಸ್ಸು ಯಾವುದೂ ಇರುವುದಿಲ್ಲ. ಹರತಾಳದ ದಿನ ಖಾಲಿ ರಸ್ತೆ ಸಿಕ್ಕಿತೆಂದು ಬಣ್ಣದ ಜೆರ್ಸಿಯಲ್ಲಿ ಹೊರಡುವುದು ಸರಿಯಲ್ಲ. ಕೋಣೆಯಲ್ಲಿ ಚೈನು ಒರೆಸುತ್ತಾ ಕೂತಿರಿ.

ಇನ್ನೊಂದು ಎಚ್ಚರ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ: ಮಂಗನ ಕಾಯಿಲೆ. 2015ರಲ್ಲಿ ಈ ಭಾಗದಲ್ಲಿ ಅದು ಜೋರಾಗಿ ಹಬ್ಬಿತ್ತು. ಜನವರಿಯಿಂದ ಮೇ ವರೆಗೆ ಕಾಡಂಚಿನ ತರಗೆಲೆಯ ಮೇಲೆ ಮಲಗಿ ದಣಿವಾರಿಸಿಕೊಳ್ಳಬೇಡಿ, ಕೋಣೆಗೆ ಬಂದ ಮೇಲೆ ಬಟ್ಟೆ ಕೊಡವಿ ಉಣುಗು ನೋಡಿಕೊಳ್ಳಿ.

ಲಕ್ಕಿಡಿಗೆ ಹೋಗಿ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವು ಇಳಿಯುವ ಹುಕಿ ಕೆಲವರಿಗೆ. ಘಾಟಿಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಗಂಟೆಗಟ್ಟಲೆ ಹೊಗೆ ಕುಡಿಯಬೇಕು. ಇಳಿದ ಮೇಲೆ ಮತ್ತೆ ಹತ್ತಲೂ ಬೇಕು. ಆ ಹೊತ್ತನ್ನು ಪುತ್ತಂಗಡಿಗೆ ಕೊಡಿ.

ಮರಳುವ ದಿನ ಸೈಕಲ್ ಸವಾರಿ ಇಟ್ಟುಕೊಳ್ಳಬೇಡಿ. ಬತ್ತೇರಿಯಿಂದ ಗುಂಡ್ಲುಪೇಟೆಗೆ ಅರವತ್ತು ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ. ಸಂಜೆ ಏಳರೊಳಗೆ ಬತ್ತೇರಿ ಬಿಟ್ಟರೆ ಗೇಟು ಸಿಗುತ್ತದೆ. ತಪ್ಪಿತೆಂದರೆ ಮಾನಂದವಾಡಿ, ಕಾಟ್ಟಿಕ್ಕುಳಂ, ಕುಟ್ಟ, ಗೋಣಿಕೊಪ್ಪ, ಹುಣಸೂರು ಬಳಸಿಕೊಂಡು ಮೈಸೂರು ಸೇರುವ ದಾರಿಯೊಂದೇ ರಾತ್ರಿ ತೆರೆದಿರುವುದು.